ಶೇಖವ್ವನ ಒಂದು ಮೊಳ ಸಮುದ್ರ

ಗಜೇಂದ್ರಗಡದ ಪೇಟೆಯಲ್ಲಿ ಶೇಖವ್ವನ ನಾಲಿಗೆಗೆ ಅಂಜದವರಿಲ್ಲವೆಂದು ಊರಿಗೆ ಬಂದ ದಿನವೇ ಕೇಳಿದ್ದೆ. ಆದರೆ ನಾನು ಆ ನಾಲಿಗೆಯನ್ನು ಮೊದಲು ಕಂಡದ್ದು ಅದು ಮೌನವಾಗಿ ಕೆಲಸ ಮಾಡುತ್ತಿದ್ದ ಹೊತ್ತಿನಲ್ಲಿ. ಅಲ್ಲಿಯ ಹೈಸ್ಕೂಲಿಗೆ ಧಾರವಾಡದಿಂದ ವರ್ಗವಾಗಿ ಬಂದು, ಆಕೆಯ ಉಪ್ಪಿನ ಅಂಗಡಿಯ ಎದುರು ಮಾಳಿಗೆಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಮುಂಜಾನೆ ಹಲ್ಲುಜ್ಜುತ್ತ ಕಿಟಕಿಗೆ ಬಂದರೆ, ಅಂಗಡಿಯ ತೆರೆದ ಬಾಗಿಲಿನ ಆಚೆ, ಪಡಸಾಲೆಯಲ್ಲಿ, ಇಳಕಲ್ ಸೀರೆಯುಟ್ಟು ಸೊಂಟಕ್ಕೆ ಬೀಗದಕೈಗಳ ಗೊಂಚಲು ಸಿಕ್ಕಿಸಿಕೊಂಡ ಒಬ್ಬ ಸ್ಥೂಲಕಾಯದ ಹೆಂಗಸು ಕುಕ್ಕುರುಗಾಲಲ್ಲಿ ಕೂತು, ನನ್ನ ಕಣ್ಣಿಗೆ ಕಾಣದ ಯಾವುದೋ ಪಾತ್ರೆಯಲ್ಲಿ ತೋರುಬೆರಳು ಅದ್ದಿ, ಅದನ್ನು ನಾಲಿಗೆಯ ತುದಿಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಸಂಗೀತ ಕಛೇರಿಯ ಮುಂದಿನ ಸಾಲಿನ ರಸಿಕರಂತೆ ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿ, ಬಳಿಯ ಚೀಲದಿಂದ ಒಂದು ಚಿಟಿಕೆ ಉಪ್ಪನ್ನು ಎತ್ತಿ ಹಾಕುವ ದೃಶ್ಯ ತಪ್ಪದೆ ಕಾಣುತ್ತಿತ್ತು. ಇಷ್ಟು ಶ್ರದ್ಧೆಯಿಂದ ಹದ ನೋಡಿ ಹಾಕುವ ಉಪ್ಪಿನಕಾಯಿ ಜಗತ್ತಿನಲ್ಲಿ ಬೇರೆ ಇರಲಾರದೆಂದು ನಾನು ನಿರ್ಧರಿಸಿದೆ. ಖಾನಾವಳಿಯ ಊಟದಿಂದ ಬಾಯಿ ಕೆಟ್ಟ ಮನುಷ್ಯ. ಒಂದು ತಿಂಗಳು ಆ ಬೆರಳನ್ನು ನೋಡುತ್ತ ಬಾಯಲ್ಲಿ ನೀರೂರಿಸಿಕೊಂಡು, ಕೊನೆಗೆ ಒಂದು ದಿನ ನಾಚಿಕೆ ಬಿಟ್ಟು ವಾಟಿಯೊಂದನ್ನು ಕೈಯಲ್ಲಿ ಹಿಡಿದು ರಸ್ತೆ ದಾಟಿದೆ.

ನನ್ನ ಬೇಡಿಕೆಯನ್ನು ಆಕೆ ಪೂರ್ತಿ ಕೇಳಿಕೊಂಡಳು. ಆಮೇಲೆ 'ಬರ್ರಿ' ಎಂದು ಒಳಗೆ ಕರೆದು ನನ್ನನ್ನು ಉಪ್ಪಿನಕಾಯಿಯ ಮುಂದೆ ನಿಲ್ಲಿಸಿದಳು. ಅದು ಒಂದು ಮೊಳ ಉದ್ದದ ಗಾಜಿನ ಪೆಟ್ಟಿಗೆ. ಅದರೊಳಗಿನ ತಿಳಿನೀರಿನಲ್ಲಿ ಹಳದಿ ಮೈಮೇಲೆ ಕರಿಪಟ್ಟೆ ಬಳಿದುಕೊಂಡ ನಾಲ್ಕು ಮೀನುಗಳು, ಎದುರಿಗೆ ವಾಟಿ ಹಿಡಿದು ನಿಂತ ನನ್ನನ್ನು ತುಚ್ಛವಾಗಿ ನೋಡುತ್ತಿದ್ದವು.

"ಮಾಸ್ತರ, ಸಿಟ್ಟಾಗಬ್ಯಾಡ್ರಿ," ಎಂದಳು ಶೇಖವ್ವ. "ಇದನ್ನ ನೀವು ಬಾಯಾಗ ಹಾಕ್ಕೊಂಡ್ರ, ನಾಳಿಂದ ನಿಮ್ಮನ್ನ ಈ ಓಣ್ಯಾಗ ಯಾರೂ ನೀರ ಸೈತ ಕೇಳಂಗಿಲ್ಲ."

'ಸಿಟ್ಟಾಗಬ್ಯಾಡ್ರಿ' ಎಂಬುದು ಆಕೆಯ ಮಾತಿನ ಗಂಟೆ. ಆ ಗಂಟೆ ಬಾರಿಸಿತೆಂದರೆ ಹಿಂದೆಯೇ ಸಿಟ್ಟು ಬರುವಂಥದ್ದೊಂದು ಹೊರಡುವುದು ನಿಶ್ಚಿತ. ಆದರೆ ಅದೇ ದಿನ ಸಂಜೆ ನನ್ನ ವಾಟಿ, ನಿಜವಾದ ಮಾವಿನಕಾಯಿ ಉಪ್ಪಿನಕಾಯಿಯನ್ನು ಅಂಚಿನವರೆಗೆ ತುಂಬಿಕೊಂಡು ಮರಳಿ ಬಂತು. ಬೈಗುಳ ಮತ್ತು ಉಪಕಾರ, ಎರಡನ್ನೂ ಆಕೆ ಒಂದೇ ಕೈಯಿಂದ ಅಳೆಯುತ್ತಿದ್ದಳು, ಮತ್ತು ಎರಡರಲ್ಲೂ ತೂಕ ಸ್ವಲ್ಪ ಜಾಸ್ತಿಯೇ ಇರುತ್ತಿತ್ತು.

ಲಿಂಗ ಕಟ್ಟಿದ ಮನೆತನ, ಹೆಸರುವಾಸಿ ಅಂಗಡಿ, ಈರುಳ್ಳಿಯನ್ನೂ ಸೋಮವಾರ ಮುಟ್ಟದ ಅಡಿಗೆಮನೆ. ಇಂಥಲ್ಲಿಗೆ ಕಡಲಿನ ಮೀನು ಬಂದದ್ದು ಉಪ್ಪಿನ ಬೆನ್ನು ಹತ್ತಿ. ಕರಾವಳಿಯ ಉಪ್ಪಿನ ಗದ್ದೆಗಳಿಂದ ಘಟ್ಟ ಹತ್ತಿ, ಹುಬ್ಬಳ್ಳಿ, ಗದಗ, ನರೇಗಲ್ಲು ದಾಟಿ ಲಾರಿ ಹೊಡೆದುಕೊಂಡು ಬರುತ್ತಿದ್ದವನು ಜಂಗ್ಲಿಸಾಬ. ಒಮ್ಮೆ ಕಡಲತಡಿಯ ಬಂಡೆಗಳ ಸಂದಿಯಲ್ಲಿ, ಇಳಿತದ ನೀರಿನಲ್ಲಿ ಸಿಕ್ಕುಬಿದ್ದಿದ್ದ ಪಟ್ಟೆಯ ಮೀನುಗಳನ್ನು ಕಂಡು, ಮಕ್ಕಳಿಗೆ ತೋರಿಸಲೆಂದು ಜಾಡಿಯಲ್ಲಿ ಹಿಡಿದು ತಂದಿದ್ದ. ಲಾರಿ ಇಳಿಸುವಾಗ ಶೇಖವ್ವ ಆ ಜಾಡಿಯೊಳಗೆ ಇಣುಕಿದಳು. ಇಣುಕಿದವಳು ಅಲ್ಲೇ ಕೂತಳು. ಮೂರು ಹೆಣ್ಣುಮಕ್ಕಳ ಲಗ್ನ ಆ ವರ್ಷಕ್ಕೆ ಮುಗಿದಿತ್ತು. ಯಾರಿಗೆ ಜ್ವರ, ಯಾರ ಮುಖ ಬಾಡಿದೆ, ಯಾರು ಊಟ ಬಿಟ್ಟರು ಎಂದು ಇಪ್ಪತ್ತು ವರ್ಷ ದುಡಿದ ಆಕೆಯ ಕಣ್ಣುಗಳಿಗೆ ಏಕಾಏಕಿ ಕೆಲಸವಿಲ್ಲದಂತಾಗಿತ್ತು. ನಿರುದ್ಯೋಗಿ ಕಣ್ಣುಗಳು ಬೀಗರ ಮನೆಯ ಸುದ್ದಿಗೆ ಹೋಗದೆ ಮೀನಿಗೆ ಹೋದದ್ದು ಇಡೀ ಓಣಿಯ ಪುಣ್ಯ.

ಇವು ಇಲ್ಲಿ ಬದುಕಲಾರವು, ಇವಕ್ಕೆ ಸಮುದ್ರವೇ ಬೇಕು ಎಂದು ಜಂಗ್ಲಿಸಾಬ ಹೇಳಿ ನೋಡಿದ. ಸಮುದ್ರವೆಂದರೆ ಏನು ಮಹಾ, ಉಪ್ಪು ನಮ್ಮ ಅಂಗಡಿಯಲ್ಲಿದೆ, ನೀರು ನಮ್ಮ ಬಾವಿಯಲ್ಲಿದೆ, ಎರಡನ್ನೂ ಕೂಡಿಸಿದರಾಯಿತು ಎಂದು ಆಕೆ ಉತ್ತರ ಕೊಟ್ಟಳು. ಕೂಡಿಸಿದಳು. ಗಜೇಂದ್ರಗಡದ ಬಾವಿಯ ನೀರು ಬೇಳೆಯನ್ನೇ ಬೇಯಿಸದಷ್ಟು ಗಡುಸು, ಮೀನನ್ನು ಬದುಕಿಸೀತೆ? ಮೊದಲು ಬಂದವುಗಳೆಲ್ಲ ಎರಡು ದಿನಕ್ಕೆ ಹೊಟ್ಟೆ ಮೇಲೆ ಮಾಡಿದವು. ಮಧ್ಯಾಹ್ನದ ಬಿಸಿಲಿಗೆ ಅವುಗಳ ವಾಸನೆ ಎದ್ದು, ಗೋಡೆ ದಾಟಿ, ಪಕ್ಕದ ಮನೆಯ ಮಾನವ್ವನ ಮೂಗಿಗೆ ಮುಟ್ಟಿತು. ಮಾನವ್ವನ ಮೂಗಿಗೆ ಮುಟ್ಟಿದ್ದು ಊರಿಗೆ ಮುಟ್ಟಿದಂತೆ. ಲಿಂಗವಂತರ ಓಣಿಯಲ್ಲಿ ಮೀನಿನ ವಾಸನೆ! ಉಪ್ಪಿನ ಅಂಗಡಿಯವರು ಉಪ್ಪಿನ ಜೊತೆ ಇನ್ನೇನು ತರಿಸುತ್ತಾರೋ ಎಂದು ನೀರಿನ ದಾರಿಯಲ್ಲಿ ಒಂದು ವಾರ ಚರ್ಚೆ ನಡೆಯಿತು.

ಆ ವಾರದ ಕೊನೆಗೆ ಶೇಖವ್ವನ ಗಂಡ ಅಂದಾನಪ್ಪನವರು ಕರಿಕೋಟು ತೊಟ್ಟರು. ಅವರು ಆ ಕೋಟನ್ನು ಮನೆಯವರ ಮುಂದೆ ಮಾತಾಡಲು ತೊಟ್ಟದ್ದು ಅದೊಂದೇ ಸಲ. ಅಂದಾನಪ್ಪನವರು ಊರಿನ ಎಲ್ಲ ಕಮಿಟಿಗಳಲ್ಲಿ ಇದ್ದವರು. ಶಾಲೆಯ ಕಮಿಟಿ, ಗುಡಿಯ ಜೀರ್ಣೋದ್ಧಾರ, ವಾಚನಾಲಯ, ಯಾವುದೂ ಅವರ ಗಂಟಲು ಸರಿಪಡಿಸಿಕೊಳ್ಳುವ ಸದ್ದಿಲ್ಲದೆ ಆರಂಭವಾಗುತ್ತಿರಲಿಲ್ಲ. ಸಣಕಲು ದೇಹಕ್ಕೆ ಆ ದೊಗಳೆ ಕೋಟು ಏರಿತೆಂದರೆ ಅವರ ಮಾತು ತಾನಾಗಿ ಠರಾವಿನ ರೂಪ ತಾಳುತ್ತಿತ್ತು. ಆ ದಿನ ಪಡಸಾಲೆಯಲ್ಲಿ ನಿಂತು, ಹೆಂಡತಿಯನ್ನು ನೋಡದೆ ಕಂಬವನ್ನು ನೋಡುತ್ತ, ಇನ್ನು ಮುಂದೆ ಈ ಮನೆಯಲ್ಲಿ ಒಂದೇ ಒಂದು ಮೀನು ಸತ್ತರೂ ಪೆಟ್ಟಿಗೆ, ನೀರು, ಉಳಿದ ಮೀನು ಸಮೇತ ಎಲ್ಲವೂ ಮರುದಿನದ ಲಾರಿಯಲ್ಲಿ ಘಟ್ಟ ಇಳಿಯತಕ್ಕದ್ದು ಎಂದು ಠರಾವು ಮಂಡಿಸಿ, ತಾವೇ ಅನುಮೋದಿಸಿ, ಪಾಸು ಮಾಡಿ, ಕೋಟು ಕಳಚಿ ಗೂಟಕ್ಕೆ ಸಿಕ್ಕಿಸಿದರು. ಶೇಖವ್ವ ಠರಾವನ್ನು ಒಪ್ಪಿಕೊಂಡಳು. ಸಾಯುವುದನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ.

ಮುಂದೆ ಆಕೆ ಮಾಡಿದ್ದೆಲ್ಲ ಆ ಒಂದು ಹಟದಿಂದ ಹುಟ್ಟಿದ್ದು. ಬಾವಿಯ ನೀರನ್ನು ಬಿಟ್ಟು, ಮಾಳಿಗೆಯಿಂದ ಇಳಿಯುವ ಮಳೆಯ ನೀರನ್ನು ಹರವಿಗಳಲ್ಲಿ ಹಿಡಿದಿಟ್ಟಳು. ಜಂಗ್ಲಿಸಾಬನಿಂದ ಒಂದು ಬಾಟಲಿ ಅಸಲು ಸಮುದ್ರದ ನೀರು ತರಿಸಿ, ಅದನ್ನು ಅಕ್ಕಸಾಲಿಗರು ಒರೆಗಲ್ಲನ್ನು ಇಟ್ಟುಕೊಂಡಂತೆ ಗೋಡೆಯ ಮಾಡದಲ್ಲಿ ಇಟ್ಟು, ಮೊದಲು ಅದರದೊಂದು ಹನಿ, ಆಮೇಲೆ ಪೆಟ್ಟಿಗೆಯದೊಂದು ಹನಿ, ಹೀಗೆ ನಾಲಿಗೆಗೆ ಪಾಠ ಹೇಳಿಕೊಟ್ಟಳು. ನೀರು ಕದಡದಿದ್ದರೆ ಮೀನಿಗೆ ಉಸಿರುಗಟ್ಟುತ್ತದೆಂದು ಗೊತ್ತಾದ ಮೇಲೆ, ಗುಡಿಯಲ್ಲಿ ಲಿಂಗದ ಮೇಲೆ ತೂಗಹಾಕುವಂಥ ತೂತಿನ ಕೊಡವೊಂದನ್ನು ಪೆಟ್ಟಿಗೆಯ ಮೇಲೆ ತೂಗಹಾಕಿ, ಅಲ್ಲಿಯದೇ ನೀರನ್ನು ಮೊಗೆದು ಕೊಡಕ್ಕೆ ಸುರಿದಳು. ಹಗಲಿಡೀ ಆ ಮೀನುಗಳಿಗೆ ಅಭಿಷೇಕ ನಡೆಯುತ್ತಿತ್ತು. ಊಟದ ವಿಷಯದಲ್ಲಿ ಮಾತ್ರ ಮನೆಯ ಆಚಾರಕ್ಕೂ ಮೀನಿನ ಆಚಾರಕ್ಕೂ ಹೊಂದಲಿಲ್ಲ. ರಾಜಗಿರಿ ಸೊಪ್ಪು, ನೆನೆಸಿದ ಪುಠಾಣಿ ಹಿಟ್ಟು ಆಕೆ ಹಾಕುತ್ತಿದ್ದಳು. ಅದರ ಮೇಲೆ ಜಂಗ್ಲಿಸಾಬ ತನ್ನ ತಂಬಾಕಿನ ಡಬ್ಬಿಯಿಂದ ಒಂದು ಚಿಟಿಕೆ ಪುಡಿ ಉದುರಿಸಿ ಹೋಗುತ್ತಿದ್ದ. ಅದು ಒಣಸೀಗಡಿಯ ಪುಡಿಯೆಂದು ಎಲ್ಲರಿಗೂ ಗೊತ್ತಿತ್ತು, ಆ ಮನೆಯಲ್ಲಿ ಅದರ ಹೆಸರು 'ಔಷಧ'. ಔಷಧ ಬೀಳುವ ಹೊತ್ತಿಗೆ ಅಂದಾನಪ್ಪನವರು ಬೀದಿಯ ಕಡೆ ಮುಖ ಮಾಡಿ ಹವೆಯ ಬಗ್ಗೆ ಯೋಚಿಸುತ್ತಿದ್ದರು.

ಆದರೆ ಇದೆಲ್ಲ ಸಾಕಣೆಯ ಮಾತು. ಶೇಖವ್ವನ ನಿಜವಾದ ವಿದ್ಯೆ ನೋಡುವುದು. ಮುಂಜಾನೆ ಬಿಸಿಲು ಅಂಗಡಿಯ ಬಾಗಿಲಿನಿಂದ ಓರೆಯಾಗಿ ಪಡಸಾಲೆಗೆ ಬೀಳುವ ಸ್ವಲ್ಪ ಹೊತ್ತು ಆಕೆಯ ದವಾಖಾನೆಯ ವೇಳೆ. ನೇರ ಬೆಳಕಿನಲ್ಲಿ ಎಲ್ಲರೂ ಚೆಲುವರೇ, ಬ್ಯಾನಿ ಕಾಣುವುದು ಓರೆ ಬೆಳಕಿನಲ್ಲಿ ಎನ್ನುತ್ತಿದ್ದಳು. ಆ ಹೊತ್ತಿನಲ್ಲಿ ಬಾಗಿಲಿಗೆ ಅಡ್ಡ ನಿಂತ ಗಿರಾಕಿ ಮುದಿಯನಿರಲಿ ಕಚೇರಿಯ ಸಾಹೇಬನಿರಲಿ, 'ಬೆಳಕು ಬಿಡ್ರಿ' ಎಂದು ಒಂದು ಕೂಗು ಬೀಳುತ್ತಿತ್ತು. ಮೀನುಗಳನ್ನು ಆಕೆ ಸೊಸೆಯಂದಿರ ಲೆಕ್ಕದಲ್ಲಿ ವರ್ಣಿಸುತ್ತಿದ್ದಳು. ರೆಕ್ಕೆಯನ್ನು ಮೈಗೆ ಒತ್ತಿ ಮುದುಡಿಕೊಂಡಿದ್ದರೆ ಸೆರಗು ಹೊದ್ದಿದೆ, ಅಂದರೆ ಮೈಯಲ್ಲಿ ಸರಿಯಿಲ್ಲ. ಊಟದ ಹೊತ್ತಿಗೆ ಮೂಲೆ ಹಿಡಿದರೆ ಮುನಿಸಲ್ಲ, ಜ್ವರ. ಕಲ್ಲಿಗೆ ಮೈ ತಿಕ್ಕಿದರೆ ತುರಿ, ತುರಿಯ ಹಿಂದೆ ಹುಳ. ಕಿವಿರು ಲಗೂ ಲಗೂ ಬಡಿದರೆ ದಮ್ಮು, ಅದಕ್ಕೆ ಮೊದಲು ನೀರಿನ ಮೇಲೆ ಅನುಮಾನ ಪಡಬೇಕು, ಆಮೇಲೆ ಮೀನಿನ ಮೇಲೆ. ಜಡ್ಡಾದ ಮೀನಿನ ಲಕ್ಷಣ ತಿಳಿಯಬೇಕಾದರೆ ನೆಟ್ಟಗಿರುವಾಗ ಅದು ಹ್ಯಾಗಿತ್ತೆಂಬುದನ್ನು ನೋಡಿರಬೇಕು. ಮಂದಿ ನೋಡುವುದೇ ಜಡ್ಡಾದ ಮೇಲೆ ಎಂಬುದು ಆಕೆಯ ದೂರು.

ಈ ಕೀರ್ತಿ ನರಗುಂದದವರೆಗೆ ಹಬ್ಬಿತು. ಅಲ್ಲಿ ಗುರುಸಂಗಪ್ಪ ಎಂಬೊಬ್ಬ ಕಾಳಿನ ದಲಾಲರಿದ್ದರು. ಯಾವುದೋ ಲಗ್ನದ ನಿಮಿತ್ತ ಗಜೇಂದ್ರಗಡಕ್ಕೆ ಬಂದವರು ಶೇಖವ್ವನ ಪೆಟ್ಟಿಗೆಯನ್ನು ನೋಡಿ, ಒಂದು ಮೊಳದ ಸಮುದ್ರ ತಮ್ಮ ಅಂತಸ್ತಿಗೆ ಕಡಿಮೆಯಾಯಿತೆಂದು ಬಗೆದು, ಮುಂಬಯಿಯಿಂದ ಎರಡು ಮೊಳದ್ದನ್ನು, ಹಿತ್ತಾಳೆಯ ಕೀಲಿಯಿರುವ ಮುಚ್ಚಳದ ಸಮೇತ ತರಿಸಿದ್ದರು. ಮಳೆನೀರಿನ ಪಾಕ ಶೇಖವ್ವನದು, ಮೀನು ಜಂಗ್ಲಿಸಾಬನದು. ಗುರುಸಂಗಪ್ಪನವರದು ತೋರಿಸುವ ಕೆಲಸ. ಆದರೆ ಒಂದು ತಿಂಗಳಲ್ಲಿ ಮೀನುಗಳೆಲ್ಲ ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯತೊಡಗಿದವು. ಆಳು ಕಳಿಸಿ ಶೇಖವ್ವನನ್ನು ಕರೆಸಿಕೊಂಡರು. ಆಕೆ ಹೋದವಳು ಮೀನಿನ ಹತ್ತಿರ ಸುಳಿಯಲಿಲ್ಲ. ಚಹಾ ಕುಡಿದು ಮೂಲೆಯಲ್ಲಿ ಸುಮ್ಮನೆ ಕೂತಳು. ಅಡತಿ ಅಂಗಡಿಗೆ ಬಂದ ರೈತರು, ವ್ಯಾಪಾರಿಗಳು, ನೆಂಟರು ಒಬ್ಬೊಬ್ಬರಾಗಿ ಒಳಗೆ ಬರುವರು; ಗುರುಸಂಗಪ್ಪ ಪ್ರತಿಯೊಬ್ಬರನ್ನೂ ಪೆಟ್ಟಿಗೆಯ ಮುಂದೆ ನಿಲ್ಲಿಸುವರು; ಪ್ರತಿಯೊಬ್ಬರೂ ಒಂದು ಹಿಡಿ ಪುಠಾಣಿ ಎರಚುವರು; ಮೀನುಗಳು ಮೇಲೆ ಬಂದು ಬಾಯಿ ತೆರೆಯುವವು.

ಬಂದವರಿಗೆ ಅವು ಮೇಲೆದ್ದು ನಮಸ್ಕಾರ ಮಾಡುತ್ತವೆ, ಅಷ್ಟು ಸಂಭಾವಿತ ಮೀನು, ಆದರೆ ಇತ್ತೀಚೆಗೆ ಯಾಕೋ ಸೊರಗಿವೆ ಎಂದು ಗುರುಸಂಗಪ್ಪ ವಿವರಿಸಿದರು.

"ದಲಾಲರ, ಸಿಟ್ಟಾಗಬ್ಯಾಡ್ರಿ," ಎಂದಳು ಶೇಖವ್ವ. "ಅದು ನಮಸ್ಕಾರಲ್ಲ, ಏದುಸುರು. ಕೊಳತ ಪುಠಾಣ್ಯಾಗ ಉಸರಾಡಾಕ ಆಗವಲ್ದು ಅವಕ್ಕ. ಮೀನಿಗೆ ಯಾ ಬ್ಯಾನೀನೂ ಇಲ್ಲ. ಬ್ಯಾನಿ ನಿಮಗೈತಿ, ತೋರಸೂ ಬ್ಯಾನಿ."

ಕೊಳೆತದ್ದನ್ನೆಲ್ಲ ಬಳಿದು ತೆಗೆಸಿ, ಅರ್ಧ ನೀರು ಬದಲಿಸಿ, ಮುಚ್ಚಳಕ್ಕೆ ಕೀಲಿ ಹಾಕಿ, ಆ ಕೀಲಿಕೈಯನ್ನು ತನ್ನ ಗೊಂಚಲಿಗೆ ಸೇರಿಸಿಕೊಂಡು ಆಕೆ ಗಜೇಂದ್ರಗಡದ ಬಸ್ಸು ಹತ್ತಿದಳು. ದಿನಕ್ಕೊಮ್ಮೆ ಒಂದು ಸಂದಿಯಿಂದ ಸೊಪ್ಪು ತೂರಿಸಲು ಮಾತ್ರ ಗುರುಸಂಗಪ್ಪನವರಿಗೆ ಪರವಾನಿಗೆಯಿತ್ತು. ಮೀನುಗಳು ಎಂಟು ದಿನದಲ್ಲಿ ಗೆಲುವಾದವು. ದಲಾಲರು ಗೆಲುವಾಗಲು ಹೆಚ್ಚು ದಿನ ಹಿಡಿಯಿತೆಂದು ಕೇಳಿದ್ದೇನೆ.

ಇಂಥ ಶೇಖವ್ವನಿಗೆ ಒಂದು ಕಟ್ಟುನಿಟ್ಟಿನ ನೇಮವಿತ್ತು. ಸಂತೆಯಿಂದ ತಂದ ಹೊಸ ಎತ್ತನ್ನು ನಮ್ಮ ರೈತರು ಅದೇ ದಿನ ಮನೆಯ ದನಗಳ ಗ್ವಾದಲಿಗೆ ಕಟ್ಟುವುದಿಲ್ಲ. ಯಾವ ಊರಿನ ಯಾವ ರೋಗ ತಂದಿದೆಯೋ ಎಂದು ಕೆಲವು ದಿನ ಹೊರಗಿನ ಬೇವಿನ ಮರಕ್ಕೆ ಕಟ್ಟುತ್ತಾರೆ. ಹಾಗೆಯೇ ಜಂಗ್ಲಿಸಾಬ ತಂದ ಯಾವ ಹೊಸ ಮೀನೂ ಒಂದು ಅಮಾವಾಸ್ಯೆ, ಒಂದು ಹುಣ್ಣಿಮೆ ಕಳೆಯುವವರೆಗೆ ಪೆಟ್ಟಿಗೆಯನ್ನು ಕಾಣುವಂತಿರಲಿಲ್ಲ. ಅಡಿಗೆಮನೆಯ ಬಾಗಿಲ ಹತ್ತಿರದ ಬಿಳಿ ಜಾಡಿಯೇ ಅದರ ಬೇವಿನ ಮರ.

ಆ ವರ್ಷ ಶ್ರಾವಣದಲ್ಲಿ ಜಾಡಿಯಲ್ಲಿ ಎರಡು ನೀಲಿ ಮೀನುಗಳಿದ್ದವು, ಬಂದು ನಾಲ್ಕೇ ದಿನವಾಗಿತ್ತು. ಶೇಖವ್ವ ಹಿರಿಮಗಳ ಜೊತೆ ಇಟಗಿಯ ಭೀಮವ್ವನ ದರ್ಶನಕ್ಕೆ ಹೋದಳು. ಅದೇ ದಿನ ವಾಚನಾಲಯದ ಹೊಸ ಕೋಣೆಯನ್ನು ತೆರೆಯಲು ರೋಣದಿಂದ ಒಬ್ಬ ಸಾಹೇಬರು ಬರುವವರಿದ್ದರು, ಮತ್ತು ಅವರ ಚಹಾಪಾನ ಅಂದಾನಪ್ಪನವರ ಮನೆಯಲ್ಲಿ ಎಂದು ನಿಶ್ಚಯವಾಗಿತ್ತು. ಅಂದಾನಪ್ಪನವರು ಕೋಟು ತೊಟ್ಟು ಪಡಸಾಲೆಯನ್ನು ಸಾಹೇಬರ ಕಣ್ಣಿನಿಂದ ನೋಡಿದರು. ನಾಲ್ಕೇ ಮೀನು, ಅವೂ ಒಂದೇ ಬಣ್ಣದವು. ಮನೆತನದ ಮರ್ಯಾದೆಗೆ ಪೆಟ್ಟಿಗೆ ಖಾಲಿ ಖಾಲಿ ಎನ್ನಿಸಿತು. ಜಾಡಿಯನ್ನೆತ್ತಿ, ನೀಲಿ ಮೀನುಗಳನ್ನು ನೀರಿನ ಸಮೇತ ಪೆಟ್ಟಿಗೆಗೆ ಸುರಿದರು. ಸಾಹೇಬರು ಹೊತ್ತು ಮೀರಿ ಬಂದರು. ನಿಂತಲ್ಲೇ ಚಹಾ ಕುಡಿದರು. ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಹೊತ್ತು ಮೆಚ್ಚಿಕೊಂಡು ನೋಡಿ, ಪೆಟ್ಟಿಗೆಗೆ ಬೆನ್ನು ಮಾಡಿಯೇ ಜೀಪು ಹತ್ತಿದರು.

ಶೇಖವ್ವ ಬಂದು ಪೆಟ್ಟಿಗೆ ನೋಡಿದಳು, ಜಾಡಿ ನೋಡಿದಳು, ಗೂಟಕ್ಕೆ ಇನ್ನೂ ಸರಿಯಾಗಿ ಸಿಕ್ಕಿಸದ ಕೋಟು ನೋಡಿದಳು. 'ಸಿಟ್ಟಾಗಬ್ಯಾಡ್ರಿ' ಎಂಬ ಗಂಟೆ ಬಾರಿಸಲಿಲ್ಲ. ಆ ಮೌನವನ್ನು ಎದುರಿಗಿನ ಮಾಳಿಗೆಯಿಂದ ನೋಡಿದ ನಾನು ಅಂದಾನಪ್ಪನವರ ಪರವಾಗಿ ನಡುಗಿದೆ.

ವಾರ ಕಳೆಯುವುದರಲ್ಲಿ ಗೌಡನ ಮೈಮೇಲೆ ಬಿಳಿ ಚುಕ್ಕೆಗಳೆದ್ದವು. ಗೌಡನೆಂದರೆ ನಾಲ್ಕರಲ್ಲಿ ಹಿರಿಯದು, ಠರಾವಿನ ಮರುತಿಂಗಳು ಬಂದು ಅಲ್ಲಿಂದ ಬದುಕಿಕೊಂಡು ಬಂದದ್ದು. ಪೆಟ್ಟಿಗೆಯ ನಡುವಿನ ಕಲ್ಲನ್ನು ಚಾವಡಿ ಮಾಡಿಕೊಂಡು ಉಳಿದವರನ್ನು ಗದರಿಸುತ್ತಿದ್ದ ಮೀನು. ಅದರ ರೆಕ್ಕೆ, ಬಾಲ, ಬೆನ್ನಿನ ಮೇಲೆ ಯಾರೋ ಸಣ್ಣರವೆ ಉದುರಿಸಿದಂತಿತ್ತು. ಚಾವಡಿ ಬಿಟ್ಟು ಮೂಲೆ ಹಿಡಿದಿತ್ತು, ಆಗಾಗ ಓಡಿ ಬಂದು ಕಲ್ಲಿಗೆ ಮೈ ಉಜ್ಜುತ್ತಿತ್ತು, ಕಿವಿರು ಬಡಿದುಕೊಳ್ಳುತ್ತಿದ್ದವು. ಉಪ್ಪು ಹೆಚ್ಚಾಗಿ ಹರಳು ಅಂಟಿರಬೇಕೆಂದು ಅಂದಾನಪ್ಪನವರು ದೂರದಿಂದ ಸೂಚಿಸಿದರು. ಶೇಖವ್ವ ಅವರನ್ನು ಓರೆ ಬೆಳಕಿನಲ್ಲಿ ಒಂದು ಸಲ ನೋಡಿದಳು. ಅವರು ತಕ್ಕಡಿ ಒರೆಸಲು ಹೋದರು. ಅದು ಹರಳಲ್ಲ, ಹುಳವೆಂದು ಆಕೆಗೆ ಗೊತ್ತಿತ್ತು; ಹುಳ ಹಣ್ಣಾಗಿ ಮೈಯಿಂದ ಉದುರುತ್ತದೆ, ತಳದಲ್ಲಿ ಮರಿ ಹಾಕುತ್ತದೆ, ಮರಿ ಮತ್ತೆ ಮೀನನ್ನು ಹತ್ತುತ್ತದೆ. ಉದುರಿದ್ದನ್ನು ಕಂಡು ವಾಸಿಯಾಯಿತೆಂದು ಹಿಗ್ಗಿದವರ ಮೀನೇ ಮೊದಲು ಸಾಯುವುದು. ಮಾನವ್ವ ದಿನಕ್ಕೆರಡು ಸಲ ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ ಬಂದು, ಮೂಗನ್ನು ಸ್ವಲ್ಪ ಮೇಲೆತ್ತಿ ಉಸಿರೆಳೆದು ಹೋಗುತ್ತಿದ್ದಳು. ಠರಾವು ಗೂಟದ ಮೇಲೆ ತೂಗುತ್ತಲೇ ಇತ್ತು.

ಉಪಾಯ ಹೊಳೆದದ್ದು ಜಂಗ್ಲಿಸಾಬನ ಒಂದು ಹಳೆಯ ಮಾತಿನಿಂದ. ತುರಿ ಹತ್ತಿದ ಮೀನುಗಳು ಹೊಳೆ ಕಡಲಿಗೆ ಸೇರುವ ಅಳಿವೆಗೆ ಬಂದು ಸಿಹಿನೀರಿನಲ್ಲಿ ಮುಳುಗೆದ್ದು ಹೋಗುತ್ತವೆಂದು ಅವನು ಯಾವಾಗಲೋ ಹೇಳಿದ್ದ. ಖರೆಯೋ ಸುಳ್ಳೋ ಅವನಿಗೂ ಗೊತ್ತಿರಲಿಲ್ಲ. ಶೇಖವ್ವ ಹಿಂದೊಮ್ಮೆ ಸಣ್ಣದೊಂದು ಮೀನಿಗೆ ಅದನ್ನು ಮಾಡಿ ನೋಡಿದ್ದಳು. ಉಪ್ಪಿಲ್ಲದ ಮಳೆನೀರು ಕಡಲಿನ ಹುಳಕ್ಕೆ ವಿಷ. ಕಡಲಿನ ಮೀನಿಗೂ ವಿಷವೇ, ಆದರೆ ಮೀನು ಹುಳಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ತಾಳುತ್ತದೆ. ಆ 'ಸ್ವಲ್ಪ'ದಲ್ಲಿ ಎಲ್ಲ ವೈದ್ಯವೂ ಅಡಗಿದೆ. ಬೇಗ ತೆಗೆದರೆ ಹುಳ ಉಳಿಯುತ್ತದೆ, ತಡವಾದರೆ ಮೀನು ಉಳಿಯುವುದಿಲ್ಲ. ಈ ಹೊತ್ತನ್ನು ಆಕೆ ಅಳೆಯುತ್ತಿದ್ದದ್ದು ಸವಾಯಿ ಮಗ್ಗಿಯಿಂದ. ಹಳೆಯ ಅಂಗಡಿಕಾರರ ಮನೆಯಲ್ಲಿ ಹುಟ್ಟಿದ ಮಗಳು. ಒಂದರಿಂದ ನಾಲ್ವತ್ತರವರೆಗೆ ಪ್ರತಿಯೊಂದನ್ನೂ ಒಂದೂಕಾಲಿನಿಂದ ಗುಣಿಸುವ, ಕಾಲು ಕಮ್ಮಿಗೆ 'ಪಾವಣೆ' ಕಾಲು ಹೆಚ್ಚಿಗೆ 'ಸವಾ' ಎನ್ನುವ ಆ ಮಗ್ಗಿ ಆಕೆಗೆ ಉಸಿರಾಟದಷ್ಟು ರೂಢಿ. ಒಂದೇ ಓಟದಲ್ಲಿ, ತಡವರಿಸದೆ, ಅವಸರಿಸದೆ ಹೇಳಿ, ನಾಲ್ವತ್ತಕ್ಕೆ ಮುಟ್ಟಿದಾಗ ಮೀನನ್ನು ಎತ್ತಬೇಕು. ಗಡಿಯಾರವಿದ್ದ ಮನೆಯೇ, ಆದರೆ ಗಡಿಯಾರ ನೋಡುವ ಕಣ್ಣು ಮೀನನ್ನು ಹೇಗೆ ನೋಡೀತೆಂಬುದು ಆಕೆಯ ಪ್ರಶ್ನೆ.

ಅಂದು ಆದಿತ್ಯವಾರ ಮುಂಜಾನೆ. ನಾನು ಅಂಗಡಿಯ ಕಟ್ಟೆಯ ಮೇಲೆ, ಬೆಳಕು ಬಿಟ್ಟು ಕೂತಿದ್ದೆ. ಮಳೆನೀರಿನ ಬೋಗುಣಿಯನ್ನು ಪೆಟ್ಟಿಗೆಯ ಪಕ್ಕಕ್ಕೆ ಇಟ್ಟು, ಎರಡರ ಬಿಸುಪೂ ಸಮ ಇದೆಯೇ ಎಂದು ಎರಡು ಕೈಗಳನ್ನು ಅದ್ದಿ ನೋಡಿ, ಶೇಖವ್ವ ಹಳೆಯ ಧೋತರದ ತುಂಡಿನಲ್ಲಿ ಮೀನುಗಳನ್ನು ಒಂದೊಂದಾಗಿ ಎತ್ತಿ ಮೀಯಿಸಿ, ಹೊಸ ಉಪ್ಪುನೀರಿನ ಶುಭ್ರ ಜಾಡಿಗೆ ಬಿಟ್ಟಳು. ಐದೂ ಗೆದ್ದವು. ಕೊನೆಗೆ ಗೌಡನ ಸರದಿ. ಸಿಹಿನೀರಿಗೆ ಬೀಳುತ್ತಲೇ ಅದು ಒಮ್ಮೆ ನೆಗೆದು, ಆಮೇಲೆ ತಳ ಹಿಡಿದು ಒಂದು ಪಕ್ಕಕ್ಕೆ ವಾಲಿತು. ಶೇಖವ್ವನ ಮಗ್ಗಿ ಮಾತ್ರ ವಾಲಲಿಲ್ಲ. ಹತ್ತು ದಾಟಿತು, ಇಪ್ಪತ್ತು ದಾಟಿತು. ಅಂಗಡಿಯ ಗಾದಿಯ ಮೇಲೆ ಅಂದಾನಪ್ಪನವರು ನಮಗೆ ಬೆನ್ನು ಮಾಡಿ, ಬರಿಯ ತಕ್ಕಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

"ಇಪ್ಪತ್ಮೂರ ಸವಾಯಿ ಪಾವಣೆ ಇಪ್ಪತ್ತೊಂಬತ್ತು..."

"ಏನ ಶೇಖವ್ವ, ಹೋತನ ಗೌಡ?" ಹಿತ್ತಿಲ ಬಾಗಿಲಲ್ಲಿ ಮಾನವ್ವ, ಕೈಯಲ್ಲಿ ಹೆಪ್ಪಿನ ಬಟ್ಟಲು, ಮೂಗು ಮೇಲೆ.

ಶೇಖವ್ವನ ನಾಲಿಗೆ ನಿಂತಿತು. ಪೇಟೆಯನ್ನೆಲ್ಲ ನಡುಗಿಸಿದ, ಸಮುದ್ರವನ್ನು ಒಂದು ಹನಿಯಲ್ಲಿ ಗುರುತಿಸುವ ಆ ನಾಲಿಗೆ, ತುಟಿಯ ಹಿಂದೆ ಮುಂದಿನ ಅಂಕಿಗಾಗಿ ತಡಕಾಡಿ ಏನನ್ನೂ ಕಾಣದೆ ನಿಂತಿತು. ಆಕೆಯ ಕೈ ಧೋತರದ ತುಂಡಿನ ಅಂಚನ್ನು ಹಿಡಿದಿತ್ತು; ಎತ್ತಲೋ ಬಿಡಲೋ ಎಂಬುದು ಆ ಕೈಗೂ ತಿಳಿಯಲಿಲ್ಲ. ಬೋಗುಣಿಯಲ್ಲಿ ಗೌಡನ ಕಿವಿರು ಒಮ್ಮೆ ತೆರೆದು ಮುಚ್ಚಿತು.

"ಇಪ್ಪತ್ನಾಕ ಸವಾಯಿ ಮೂವತ್ತು."

ಗಾದಿಯ ಕಡೆಯಿಂದ ಬಂತು ಅದು. ಅಂದಾನಪ್ಪನವರು ಬೆನ್ನು ತಿರುಗಿಸಲಿಲ್ಲ. ಗಂಟಲು ಸರಿಪಡಿಸಿಕೊಳ್ಳಲಿಲ್ಲ. ಶೇಖವ್ವ ಹೇಳುತ್ತಿದ್ದ ಅದೇ ಲಯದಲ್ಲಿ, ಒಂದು ಉಸಿರೂ ಹಿಂದುಮುಂದಾಗದೆ, "ಇಪ್ಪತ್ತೈದ ಸವಾಯಿ ಸವಾ ಮೂವತ್ತೊಂದು, ಇಪ್ಪತ್ತಾರ ಸವಾಯಿ ಮೂವತ್ತೆರಡೂವರಿ" ಎಂದು ನಡೆಸಿಕೊಂಡು ಹೋದರು. ಮೂವತ್ತರ ಹೊತ್ತಿಗೆ ಶೇಖವ್ವನ ದನಿಯೂ ಕೂಡಿಕೊಂಡಿತು. ಮಾನವ್ವ ಬಟ್ಟಲು ಹಿಡಿದುಕೊಂಡೇ, ಭಜನೆಗೆ ತಡವಾಗಿ ಬಂದವಳ ಹಾಗೆ, ಮೂವತ್ತೈದರಿಂದ ತುಟಿ ಆಡಿಸತೊಡಗಿದಳು. ಆಕೆಗೆ ಮಗ್ಗಿ ಬರುತ್ತಿರಲಿಲ್ಲ, ಆದರೂ ಆಡಿಸಿದಳು.

"ನಾಲ್ವತ್ತ ಸವಾಯಿ ಐವತ್ತು," ಎಂದವು ಎರಡು ದನಿಗಳು, ಮತ್ತು ಧೋತರ ಮೇಲೆದ್ದಿತು.

ಜಾಡಿಯಲ್ಲಿ ಗೌಡ ಪಕ್ಕಕ್ಕೆ ಬಿದ್ದೇ ಇತ್ತು. ನಾವು ನಾಲ್ವರೂ ಜಾಡಿಯ ಸುತ್ತ ಬಗ್ಗಿದ್ದೆವು. ಅಂದಾನಪ್ಪನವರು ಯಾವಾಗ ಗಾದಿಯಿಂದ ಇಳಿದು ಬಂದಿದ್ದರೋ, ತಕ್ಕಡಿ ಇನ್ನೂ ಕೈಯಲ್ಲೇ ಇತ್ತು. ಮೊದಲು ಒಂದು ರೆಕ್ಕೆ ಅಲುಗಿತು. ಆಮೇಲೆ ಕರಿಪಟ್ಟೆಗಳು ಮೆಲ್ಲಗೆ ನೆಟ್ಟಗಾದವು. ಆಮೇಲೆ ಗೌಡ, ಸ್ವಲ್ಪ ಹೊತ್ತು ಯಾರ ಮನೆಯಲ್ಲಿದ್ದೇನೆಂದು ಯೋಚಿಸಿದಂತೆ ಮಾಡಿ, ಪಕ್ಕದಲ್ಲಿದ್ದ ನೀಲಿ ಮೀನಿನ ಮೇಲೆ ಏರಿ ಹೋಗಿ ಅದನ್ನು ಮೂಲೆಗೆ ಅಟ್ಟಿತು. ಶೇಖವ್ವ ನೆಲದ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಗಟ್ಟಿಯಾಗಿ ನಕ್ಕಳು. ಆಕೆ ನಕ್ಕರೆ ಕೀಲಿಕೈಗಳೂ ನಗುತ್ತಿದ್ದವು.

ಅಷ್ಟೂ ಸವಾಯಿ ನಿಮಗೆ ಹೇಗೆ ನೆನಪಿದ್ದವು, ಎಲ್ಲಿಗೆ ಬಂದಿತ್ತೆಂದು ಹೇಗೆ ಗೊತ್ತಾಯಿತು ಎಂದು ನಾನು ಅಂದಾನಪ್ಪನವರನ್ನು ಕೇಳಿದೆ. ಉಪ್ಪಿನ ದರದ ಲೆಕ್ಕ ಹಾಕುತ್ತಿದ್ದೆ, ಅದೇ ಬಾಯಿಗೆ ಬಂತು ಎಂದರು. ಆ ಹೊತ್ತಿಗೆ ಅಂಗಡಿಯಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ.

ಉಳಿದದ್ದನ್ನು ನಮ್ಮ ಕಡೆಯ ಬಿಸಿಲು ನೋಡಿಕೊಂಡಿತು. ಮೂರು ಮೂರು ದಿನಕ್ಕೆ ಮೀನುಗಳು ಒಂದು ಜಾಡಿಯಿಂದ ಇನ್ನೊಂದಕ್ಕೆ ಹೋಗುವವು. ಖಾಲಿಯಾದ ಜಾಡಿಯನ್ನು ತಿಕ್ಕಿ ತೊಳೆದು ಮಾಳಿಗೆಯ ಮೇಲೆ ಬೋರಲು ಹಾಕುವರು. ತಳದಲ್ಲಿ ಅಡಗಿದ ಹುಳದ ಸಂತಾನ ಅಲ್ಲಿ ಒಣಗಿ ಧೂಳಾಗುವುದು. ಶ್ರಾವಣದ ಮೋಡವಿದ್ದ ದಿನ, ಆಕಾಶವನ್ನು ನೋಡಿ ಬಿಸಿಲು ಬೇಡಿಕೊಂಡ ಮನೆ ಆ ಸೀಮೆಯಲ್ಲಿ ಅದೊಂದೇ ಇದ್ದೀತು. ಜಾಡಿಗಳನ್ನು ಮಾಳಿಗೆಗೆ ಹೊತ್ತವರು ಅಂದಾನಪ್ಪನವರು, ಕೋಟಿಲ್ಲದೆ. ಠರಾವನ್ನು ಯಾರೂ ರದ್ದು ಮಾಡಲಿಲ್ಲ. ಅದರ ಮೇಲೆ ಜಾಡಿ ಒರೆಸುವ ಬಟ್ಟೆಯೊಂದು ತೂಗಲಾರಂಭಿಸಿತು, ಅಷ್ಟೇ. ಮಾನವ್ವನೂ ಹೆಪ್ಪಿನ ನೆಪ ಬಿಟ್ಟು, ಗೌಡ ಇವತ್ತು ಊಟ ಮಾಡಿದನೇ ಎಂದು ನೇರವಾಗಿ ಕೇಳಲು ಬರತೊಡಗಿದಳು.

ಎರಡು ವರ್ಷಗಳ ಮೇಲೆ ನನಗೆ ಮತ್ತೆ ವರ್ಗವಾಯಿತು. ಹೊರಡುವ ಮುಂಜಾನೆ ಹೇಳಿ ಹೋಗಲು ರಸ್ತೆ ದಾಟಿದೆ. ಶೇಖವ್ವ ತನ್ನ ಜಾಗದಲ್ಲಿ ಕುಕ್ಕುರುಗಾಲಲ್ಲಿ ಕೂತು ಪೆಟ್ಟಿಗೆಯನ್ನು ನೋಡುತ್ತಿದ್ದಳು. ಈ ಜಗತ್ತಿನಲ್ಲಿ ಬಹುಪಾಲು ನಾವೆಲ್ಲ ನೋಡಿಸಿಕೊಳ್ಳುವ ಜಾತಿಯವರು. ನಮಗೊಂದು ಕೋಟು ಬೇಕು, ಒಬ್ಬ ಸಾಹೇಬ ಬೇಕು, ಸಾಹೇಬನಿಲ್ಲದಿದ್ದರೆ ನಮ್ಮ ಮೀನಾದರೂ ಮೇಲೆದ್ದು ನಮಸ್ಕಾರ ಮಾಡಬೇಕು. ಬರಿಯ ನೋಡುವ ಜಾತಿಯವರು ಕಡಿಮೆ. ನೆಟ್ಟಗಿರುವಾಗಲೂ ನೋಡುತ್ತಾರೆ, ಆದ್ದರಿಂದ ಕೆಡುವ ಮುಂಚೆಯೇ ಅವರಿಗೆ ಕಾಣುತ್ತದೆ. ಅವರ ಮಾತು ಒರಟು, ಯಾಕೆಂದರೆ ಅವರ ನಯವೆಲ್ಲ ಕಣ್ಣಿಗೆ ಖರ್ಚಾಗಿರುತ್ತದೆ. ಅವರ ನೆರಳಿನಲ್ಲಿ ಮೀನು ಬದುಕುತ್ತದೆ, ಮಗಳು ಬದುಕುತ್ತಾಳೆ, ಸಂಭಾವಿತನಾಗಿ ತೋರಲು ಹೆಣಗುವ ಗಂಡನೂ ಹೇಗೋ ಬದುಕಿಕೊಳ್ಳುತ್ತಾನೆ.

ಇಂಥ ವಿಚಾರಗಳು ತಲೆಯಲ್ಲಿ ತುಂಬಿದ್ದರಿಂದಲೋ ಏನೋ, ಗಾಜಿನ ಆಚೆಯಿಂದ ಆಕೆಯನ್ನೇ ದಿಟ್ಟಿಸುತ್ತಿದ್ದ ಗೌಡನನ್ನು ತೋರಿಸಿ, ಇಷ್ಟು ವರ್ಷ ಸಾಕಿದ್ದೀರಲ್ಲ, ಇದಕ್ಕೆ ನಿಮ್ಮ ಗುರುತು ಸಿಗುತ್ತದೆಯೇ ಎಂದು ಕೇಳಿಬಿಟ್ಟೆ.

"ಮಾಸ್ತರ, ಸಿಟ್ಟಾಗಬ್ಯಾಡ್ರಿ," ಎಂದಳು ಶೇಖವ್ವ, ಕಣ್ಣು ತೆಗೆಯದೆ. "ಅದು ನನ್ನ ಗುರ್ತಾ ಹಿಡದು ಏನ ಮಾಡೂದೈತಿ? ನಾ ಅದರ ಗುರ್ತಾ ಹಿಡದ್ರ ಸಾಕು. ಸರೀರಿ ಆ ಕಡೆ, ಬೆಳಕಿಗೆ ಅಡ್ಡ ನಿಂತೀರಿ."